ಕೀಬೋರ್ಡಿಗೆ ಚಹಾ ಬಿಟ್ಟದ್ದು

ಉದ್ಯೋಗದ ಬುದ್ಧಿಯನ್ನು ಕಚೇರಿಯಲ್ಲೇ ಬಿಟ್ಟು ಬರದ ಮನುಷ್ಯನಿಂದ ಮನೆಗೆ ಅಪಾಯ ತಪ್ಪಿದ್ದಲ್ಲ. ನಮ್ಮ ಪಕ್ಕದ ಮನೆಯ ಮಾಸ್ತರರು ಊಟಕ್ಕೆ ಕೂತ ಬೀಗರ ಹಾಜರಿ ಕೂಗುತ್ತಾರೆ. ಅವರನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದವನು ನಾನು. ಶಹಾಪುರದಲ್ಲಿ ನನ್ನದು ಕಾಲುವೆ ನೀರು ಹಂಚುವ ನೌಕರಿ. ಎಲ್ಲಿ ಗೇಟು ಎತ್ತಬೇಕು, ಎಲ್ಲಿ ಇಳಿಸಬೇಕು, ಯಾರ ಬೈಗುಳ ಮೊದಲು ಕೇಳಬೇಕು, ಇಷ್ಟರಲ್ಲೇ ಅರ್ಧ ಆಯುಷ್ಯ ಹೋಗಿದೆ. ಕಾಲುವೆಯ ಕೊನೆಯನ್ನು ನಾವು ಟೇಲ್‌ಎಂಡ್ ಎನ್ನುತ್ತೇವೆ. ಅಲ್ಲಿಯ ರೈತನಿಗೆ ಒಂದು ಸಲವಾದರೂ ತುಂಬು ನೀರು ಮುಟ್ಟಿಸಬೇಕೆಂಬುದು ನನ್ನ ಸರ್ವೀಸಿನ ಆಸೆ.

ನನ್ನ ಹೆಂಡತಿ ಶರಣಮ್ಮ ಐವತ್ತರ ಹತ್ತಿರ ಬಂದಾಗ ಕೀಬೋರ್ಡ್ ಕಲಿಯಲು ಹೊರಟಳು. ಚಿಕ್ಕವಳಿದ್ದಾಗ ಸುರಪುರದ ತವರಿನಲ್ಲಿ ಕಾಕಾನ ಹಾರ್ಮೋನಿಯಂ ಕಡೆ ಕೈ ಚಾಚಿದರೆ ಸಾಕು, “ಏ ಹುಡುಗಿ, ಕೈ ತಗಿ! ನೀ ಮುಟ್ಟಿದ್ರ ಕೆಡತದ” ಎಂದು ಆತ ಗದರುತ್ತಿದ್ದನಂತೆ. ಈಗ ತನ್ನದೇ ಕೀಬೋರ್ಡು, ಅದಕ್ಕೆ ತಾನೇ ಹೆಣೆದ ಹೊದಿಕೆ, ದಿನಾ ಒಂದು ತಾಸು ಸರಿಗಮ. ನಾನು ಚೇಷ್ಟೆ ಮಾಡಿದರೂ ಬಿಡಲಿಲ್ಲ. ಬರುವ ರವಿವಾರ ಓಣಿಯ ಹೆಣ್ಣುಮಕ್ಕಳ ಭಜನೆಗೆ ಮೊದಲ ಸಲ ನುಡಿಸುವವಳಿದ್ದಳು.

ಆ ಮಂಗಳವಾರ ಆಕೆ ಅಕ್ಕನನ್ನು ನೋಡಲು ಸುರಪುರಕ್ಕೆ ಹೋದಳು. ನಾನು ಚಹಾ ಮಾಡಿಕೊಂಡೆ. ನಮ್ಮ ಕಡೆಯ ಚಹಾ ಎಂದರೆ ಅರ್ಧ ಸಕ್ಕರೆಯೇ. ಅದನ್ನು ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಸೊರ್ರನೆ ಹೀರದಿದ್ದರೆ ನನಗೆ ಕುಡಿದಂತೆಯೇ ಆಗುವುದಿಲ್ಲ. ಕಪ್ಪು, ಬಸಿ ಎರಡನ್ನೂ ಇಡಲು ಚಪ್ಪಟೆ ಜಾಗ ಬೇಕಲ್ಲ, ಹೊದಿಕೆ ಹೊದ್ದ ಕೀಬೋರ್ಡ್ ಎದುರಿಗೇ ಇತ್ತು. ಅಷ್ಟರಲ್ಲಿ ವಡಗೇರಾ ಕಡೆಯ ರೈತನೊಬ್ಬನ ಫೋನು: “ಸಾಹೇಬ್ರ, ಇನ್ನಾ ನೀರು ಬಂದಿಲ್ರೀ!” ಗಡಬಡಿಸಿ ಎದ್ದೆ. ಮೊಣಕೈ ತಾಗಿ ಕಪ್ಪು ಉರುಳಿತು. ಚಹಾ ಹೊದಿಕೆ ತೋಯಿಸಿ ಎಡತುದಿಯ ಮೂರು ಕೀಗಳ ಸಂದಿಯಲ್ಲಿ ಇಳಿಯಿತು.

ಬೇರೆ ಯಾರಾದರೂ ತಟ್ಟನೆ ಬೋರಲು ಹಾಕಿ ಒರೆಸುತ್ತಿದ್ದರು. ನಾನು ಕಾಲುವೆಯವನು. ಇಳಿಜಾರು ಕೊಟ್ಟರೆ ತಾನೇ ಹರಿದುಹೋಗುತ್ತದೆ ಎಂದು ಎಡತುದಿಯ ಕೆಳಗೆ ಎರಡು ದಿಂಬು ಕೊಟ್ಟು, ಬಲತುದಿಯ ಕೆಳಗೆ ತಟ್ಟೆ ಇಟ್ಟು ಕಾಯುತ್ತ ಕೂತೆ. ತಟ್ಟೆಗೆ ನಾಲ್ಕು ಹನಿ ಬಿದ್ದವು. ಉಳಿದದ್ದು ಒಂದು ಕೀಯನ್ನೂ ಬಿಡದೆ ನೆನೆಸುತ್ತ ಒಳಗೊಳಗೇ ಕೊನೆಯವರೆಗೆ ಹೋಗಿತ್ತು. ನನ್ನ ಸರ್ವೀಸಿನಲ್ಲಿ ಟೇಲ್‌ಎಂಡಿಗೆ ಪೂರ್ತಿ ಪೂರೈಕೆ ಆದದ್ದು ಅದೊಂದೇ ದಿನ. ಹೊದಿಕೆ ಒಗೆದು, ಒಣಗಿಸಿ, ಮೊದಲಿನಂತೆಯೇ ಹೊದಿಸಿಟ್ಟೆ.

ಬುಧವಾರ ಸಂಜೆ ಶರಣಮ್ಮ ಬಂದವಳೇ ನುಡಿಸಲು ಕೂತಳು. ಕೆಲವು ಕೀಗಳು ಒತ್ತಿದರೆ ಮೇಲೇಳಲಿಲ್ಲ, ಕೆಲವು ಸೊಲ್ಲೇ ಎತ್ತಲಿಲ್ಲ, ಒಂದಂತೂ ಬಾಯಿ ಮುಚ್ಚಲೇ ಒಲ್ಲದು. “ಅಯ್ಯ ನಮ್ಮವ್ವ! ಮೊನ್ನಿ ಚಲೋ ಇತ್ತಲ್ರಿ. ನಾನೇ ಜೋರ್ ಒತ್ತೀನೇನು?” ಎಂದಳು. ನಿಜ ಹೇಳಲು ಒಳ್ಳೆಯ ಗಳಿಗೆ. ನಾನು ಹೇಳಿದ್ದು ಮಾತ್ರ, “ಕರೆಂಟಿನಿಂದ ಏನರ ಆಗಿರಬೇಕು ಬಿಡು.” ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋದಿಂದ ಮಿಕ್ಸಿಯವರೆಗೆ ಎಲ್ಲ ರಿಪೇರಿ ಮಾಡುವ ಉಸ್ತಾದರ ಅಂಗಡಿಗೆ ಒಯ್ದೆ. ಅವರು ಸ್ಕ್ರೂ ಬಿಚ್ಚಿ ಮೂಸಿ ನೋಡಿದರು. “ಸಾಹೇಬ್ರ, ಚಹಾ ಚೆಲ್ಲ್ಯಾದ. ಚೆಲ್ಲಿದ್ದಷ್ಟೇ ಆಗಿದ್ರ ಮೂರು ಕೀ ಹೋಗ್ತಿದ್ವು. ಈ ಕಡಿಂದ ಆ ಕಡಿತನ ಹರಿಸಿದ ಶಾಣ್ಯಾ ಯಾರ್ರೀ?” ನಾನು ಹೊರಗೆ ನಿಂತ ಬಸ್ಸಿನ ಬೋರ್ಡು ಓದತೊಡಗಿದೆ. ಉಸ್ತಾದರು ಕೀಗಳ ಕೆಳಗಿನ ರಬ್ಬರ್ ಪಟ್ಟಿಗಳನ್ನು ತೆಗೆದು ತೊಳೆದರು. ಹಳೇ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಸಕ್ಕರೆಯ ಅಂಟನ್ನೆಲ್ಲ ತಿಕ್ಕಿದರು. ಎರಡು ದಿನ ನೆರಳಲ್ಲಿ ಒಣಗಿಸಿ, ಶನಿವಾರ ಜೋಡಿಸಿ ನುಡಿಸಿ ತೋರಿಸಿದರು. ಎಲ್ಲ ಕೀಗಳೂ ಮಾತಾಡಿದವು.

ಗೆದ್ದವನಂತೆ ಮನೆಗೆ ತಂದೆ. ಶರಣಮ್ಮ ಹತ್ತಿರವೇ ಬರಲಿಲ್ಲ. “ಭಜನಿಯವ್ರಿಗಿ ಹೇಳೀನ್ರಿ, ನಾ ಬಾರಸಂಗಿಲ್ಲಂತ. ನಮ್ಮ ಕಾಕಾ ಖರೇನ ಹೇಳ್ತಿದ್ದ. ನಾ ಮುಟ್ಟಿದ್ರ ಕೆಡತದ.” ಹೇಳುತ್ತ ಕಣ್ಣೊರೆಸಿಕೊಂಡಳು. ನನಗೆ ಹುಟ್ಟಿದಾಗಿನಿಂದ ಅಷ್ಟು ನಾಚಿಕೆ ಆಗಿರಲಿಲ್ಲ. ಕಪ್ಪು, ಬಸಿ, ಫೋನು, ದಿಂಬು, ತಟ್ಟೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

ಆಕೆ ಕಣ್ಣೊರೆಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ದಿಂಬು ಕೊಟ್ರಿ?”

“ಎರಡು.”

“ಹಂಗಾರ ನಾ ಏನೂ ಮಾಡಿಲ್ಲ?”

“ನೀ ಏನೂ ಮಾಡಿಲ್ಲ.”

“ಮದ್ಲೇ ಹೇಳಾಕ ಏನ್ ಧಾಡಿ ಆಗಿತ್ತು ನಿಮಗ?” ಎಂದು ಬೈದಳು. ಬೈಯುತ್ತಲೇ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಹೊದಿಕೆ ತೆಗೆದು ನುಡಿಸಲು ಕೂತವಳು ಅಡುಗೆಯನ್ನೇ ಮರೆತಳು. ಅನ್ನಕ್ಕೆ ನಾನಿಟ್ಟೆ.

ರವಿವಾರ ಭಜನೆಯಲ್ಲಿ ಆಕೆಯ ಬೆರಳುಗಳು ನಡುಗುತ್ತಿದ್ದವು. ಒತ್ತಿದರೆ ಒಂದಕ್ಕೆ ಎರಡು ಕೀ. ಧೈರ್ಯ ಸಾಲದೆ ನಿಲ್ಲಿಸಿ, ಬಂದವರಿಗೆ ನನ್ನ ಕಥೆ ಹೇಳಿದಳು. ಹೆಣ್ಣುಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನಲ್ಲಿ ಆಕೆಯ ಅಂಜಿಕೆಯೂ ಹೋಯಿತು, ಒಂದೂ ತಪ್ಪದೆ ನುಡಿಸಿದಳು. ಈಗ ಎಲ್ಲಿ ಕರೆದರೂ ಮೊದಲು ನನ್ನ ಕಥೆ, ಆಮೇಲೆ ಭಜನೆ. ಕಥೆಯಲ್ಲಿ ನಾನು ಸಲದಿಂದ ಸಲಕ್ಕೆ ದಡ್ಡನಾಗುತ್ತಿದ್ದೇನೆ. ಹೋದ ವಾರ ದಿಂಬು ನಾಲ್ಕಾಗಿದ್ದವು, ಚಹಾ ಎಲ್ಲಿವರೆಗೆ ಮುಟ್ಟಿತೆಂದು ನಾನು ಬ್ಯಾಟರಿ ಬೆಳಕು ಬಿಟ್ಟು ನೋಡಿದೆನಂತೆ. ಇದು ಅತಿಯಾಯಿತು, ತಿದ್ದಿಬಿಡೋಣ ಎಂದು ಹಿಂದೆ ಕೂತಿದ್ದ ನಾನು ಎದ್ದು ನಿಂತೆ. ಆಕೆಯ ಬೆರಳು ಇನ್ನೂ ಸಣ್ಣಗೆ ನಡುಗುತ್ತಿದ್ದವು.

“ನಾಕಲ್ರೀ,” ಎಂದೆ, “ಐದು ದಿಂಬು.”