ಗ್ಯಾರೇಜಿನಲ್ಲಿ ನಾಲ್ಕು ಆನೆ

ಖಂಡೇನವಮಿಯ ದಿನ ಬಸಲಿಂಗವ್ವನಿಗೆ ಗಂಡನ ಮೇಲೆ ಸಿಟ್ಟಿತ್ತು. ಈ ಪರದೇಶದ ಬ್ರ್ಯಾಂಪ್ಟನ್ನಿನಲ್ಲಿ ಎಲ್ಲರೂ ಗ್ಯಾರೇಜಿನಲ್ಲಿ ಕಾರು ಇಡುತ್ತಾರೆ (ಇಲ್ಲವೇ ಕಾರು ಹೊರಗೆ ನಿಲ್ಲಿಸಿ ಅಕ್ಕಿ ಮೂಟೆ ಇಡುತ್ತಾರೆ). ಮುರಿಗೆಪ್ಪ ಅಲ್ಲಿ ಯಂತ್ರ ಕಟ್ಟಿದ್ದ. ಬೇಸಿಗೆ ಪೂರ್ತಿ ಅದೇ ಕೆಲಸ. ಆಳೆತ್ತರದ ಕಬ್ಬಿಣದ ಚೌಕಟ್ಟು, ಅದರೊಳಗೆ ಲಾರಿ ಎತ್ತುವ ಜಾಕು, ಜಾಕಿಗೊಂದು ಮೀಟರು, ಮೇಲೊಂದು ಕೆಳಗೊಂದು ಸಿಮೆಂಟಿನ ಅಚ್ಚು.

ಇಷ್ಟೆಲ್ಲ ಮಗಳು ನಿಧಿಗಾಗಿ. ಅವಳು ಸ್ಕೇಟ್‌ಬೋರ್ಡೆಂಬ ಚಕ್ರದ ಹಲಗೆಯ ಮೇಲೆ ನಿಂತು ಕಾಲೇಜಿಗೆ ಹೋಗುವವಳು, ಎರಡು ತಿಂಗಳಿಗೊಂದು ಹಲಗೆ ಮುರಿಯುವವಳು. ಅಂಗಡಿಯದು ಹಲಗೆಯೇ ಅಲ್ಲ, ನಾನು ಮಾಡಿ ಕೊಡುತ್ತೇನೆ ಎಂದಿದ್ದ ಅಪ್ಪ. ಮೇಪಲ್ ಮರದ ಏಳು ತೆಳು ಹಾಳೆಗೆ ಅಂಟು ಸವರಬೇಕು, ಒಂದರ ಮೇಲೊಂದು ಪೇರಿಸಿ ಅಚ್ಚಿನ ನಡುವೆ ಒತ್ತಬೇಕು, ಮುಗಿಯಿತು. ರೊಟ್ಟಿ ಬಡಿಯುವುದಕ್ಕಿಂತ ಸುಲಭ ಎಂದೂ ಸೇರಿಸಿದ್ದ. (ಜನ್ಮದಲ್ಲಿ ಒಂದು ರೊಟ್ಟಿ ಬಡಿದವನಲ್ಲ.)

"ರೀ, ಇದು ಸಿಡದ್ರ ಏನ್ ಗತಿ?" ಎಂದಳು ಬಸಲಿಂಗವ್ವ.

"ಸಿಡಿಯೂದಿಲ್ಲ. ಇಪ್ಪತ್ತು ಟನ್ ಅಷ್ಟ. ನಾಲ್ಕ ಆನಿ ನಿಂತಂಗ."

ಇದು ಅವನು ಹೇಳಿದ ಸಮಾಧಾನ. ಅಲ್ಲಿಯ ತನಕ ಯಂತ್ರಕ್ಕೆ ಮಾತ್ರ ಹೆದರುತ್ತಿದ್ದವಳು ಅಂದಿನಿಂದ ಆನೆಗಳಿಗೂ ಹೆದರತೊಡಗಿದಳು.

ಹಬ್ಬದ ದಿನ ಮನೆಯ ಲೋಹವೆಲ್ಲ ಪೂಜೆಗೆ ಕೂರಬೇಕು. ಚಾಕು, ಈಳಿಗೆ, ಕತ್ತರಿ, ರೊಟ್ಟಿ ಹಂಚು, ಮನೆಯ ಚಾವಿಗಳು, ಎಲ್ಲವನ್ನೂ ಅವಳೇ ತಂದು ಕೆಳಗಿನ ಅಚ್ಚಿನ ತಗ್ಗಿನಲ್ಲಿ ಪೇರಿಸಿದಳು. ಮುರಿಗೆಪ್ಪ ಚೌಕಟ್ಟಿಗೆ ವಿಭೂತಿ ಬಳಿದ. ಮೀಟರಿನ ಗಾಜಿನ ಮೇಲೆ, ಒತ್ತಡ ಎಷ್ಟು ಬೇಕೋ ಸರಿಯಾಗಿ ಅಲ್ಲೇ ಕುಂಕುಮ ಇಟ್ಟ. ಪೂಜೆಯೂ ಆಯಿತು, ಗುರುತೂ ಆಯಿತು. ಹೋಳಿಗೆಯ ಎಡೆ ತೋರಿಸಿದ ಮೇಲೆ ಬಸಲಿಂಗವ್ವನೇ ಎಲ್ಲವನ್ನೂ ಎತ್ತಿ ಒಳಗಿಟ್ಟಳು. ಸಂಜೆ ಅಂಟು ಸವರಿದ ಏಳೂ ಹಾಳೆ ಅಚ್ಚಿಗೆ ಬಿದ್ದವು. ಮುರಿಗೆಪ್ಪ ಜಾಕಿನ ಹಿಡಿ ಒತ್ತಿ ಪಂಪ್ ಹೊಡೆದಂತೆ ಮೀಟರಿನ ಮುಳ್ಳು ಏರಿ ಕುಂಕುಮಕ್ಕೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಟಪಾಲು ಡಬ್ಬಿಯ ಚಾವಿ ಸಿಗಲಿಲ್ಲ. ಮುರಿಗೆಪ್ಪನಿಗೆ ಶಿಫ್ಟಿನ ಹೊತ್ತು. ಬಸಲಿಂಗವ್ವ ಬಾಗಿಲಿಗೆ ಅಡ್ಡ ನಿಂತಳು. ಅವನು ಇಪ್ಪತ್ತೈದು ವರ್ಷದಲ್ಲಿ ಕಳೆದ ಛತ್ರಿ, ಕನ್ನಡಕ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಮರೆತು ಬಂದ ಅವಳ ತಾಯಿ, ಒಂದನ್ನೂ ಬಿಡದೆ ಎತ್ತಿ ಆಡಿದಳು.

"ನಾ ಮುಟ್ಟಿಲ್ಲ. ಪೂಜಿಗೆ ಇಟ್ಟಾಕಿ ನೀ, ತಗದಾಕಿ ನೀ."

"ನಿಮ್ಮ ಬಾಯಿಗೆ ಬೀಗ ಇಲ್ಲ, ಚಾವಿಗೆ ಜಾಗ ಇಲ್ಲ."

ಅವನು ನಗುತ್ತ ಬೂಟಿನ ದಾರ ಕಟ್ಟಿದ. "ಜಾಕು ಸ್ವಲ್ಪ ಎಣ್ಣಿ ಬಿಡ್ತೈತಿ. ಮುಳ್ಳು ಇಳೀತಂದ್ರ ಎರಡ ಪಂಪ್ ಹೊಡಿ, ಕುಂಕುಮಕ್ಕ ತಂದು ನಿಲ್ಲಸು. ನಾ ಬಂದು ಬಿಚ್ಚೂ ತನಕ ಬಿಡಬ್ಯಾಡ."

"ಹೋಗ್ರಿ ಅತ್ತಾಗ," ಎಂದಳು.

ಹೋದ. ಮಧ್ಯಾಹ್ನ ಅವನು ಕೆಲಸ ಮಾಡುವ ವೇರ್‌ಹೌಸಿನಿಂದ ಫೋನು ಬಂತು. ಅವನ ಎದೆಬಡಿತ ನಿಂತುಹೋಗಿತ್ತು.

ಮೂರನೆಯ ದಿನ, ಮನೆ ತುಂಬ ಜನ ಕುಳಿತಿದ್ದಾಗ ಅವಳಿಗೆ ಆನೆಗಳ ನೆನಪಾಯಿತು. ಎದ್ದು ಗ್ಯಾರೇಜಿಗೆ ಹೋದಳು. ಮುಳ್ಳು ಕುಂಕುಮದಿಂದ ಒಂದು ಬೆರಳು ಕೆಳಗಿತ್ತು. ನಾಲ್ಕೂ ಆನೆ ಒಂದೊಂದು ಕಾಲು ಎತ್ತಿವೆ ಎಂದುಕೊಂಡಳು. ಎರಡು ಪಂಪ್ ಹೊಡೆದಳು. ಮುಳ್ಳು ಏರಿತು. ಆನೆಗಳು ಕಾಲೂರಿದವು.

ಅಂದಿನಿಂದ ದಿನಾ ಬೆಳಿಗ್ಗೆ ಗಜಸೇವೆ. ಬಿಟ್ಟರೆ ಸಿಡಿದೀತು ಎಂಬ ಹೆದರಿಕೆ. ಹೆಚ್ಚು ಹೊಡೆದರೂ ಸಿಡಿದೀತು ಎಂಬ ಹೆದರಿಕೆ. ಸಿಡಿದರೆ ಗಂಡನ ಕೈಯ ಕೊನೆಯ ಕೆಲಸವೂ ಹೋದೀತು ಎಂಬುದು ಎಲ್ಲಕ್ಕಿಂತ ದೊಡ್ಡದು. ಆನೆ ಬೆದರದಿರಲೆಂದು ಮಿಕ್ಸರ್ ತಿರುಗಿಸುವುದು ಬಿಟ್ಟಳು. ಶೇಂಗಾ ಚಟ್ನಿ ಒರಳಿಗೆ ಬಂತು, ಕುಟ್ಟುವುದೂ ಮೆಲ್ಲಗೆ. ಹಿಮ ಬಿದ್ದಾಗ ಜಾಕಿಗೆ ಚಳಿಯಾದೀತೆಂದು ಮುರಿಗೆಪ್ಪನ ಸ್ವೆಟರ್ ಸುತ್ತಿದಳು. ನಿಧಿಯ ಸ್ಕೇಟಿಂಗ್ ಹೆಲ್ಮೆಟ್ ಅವಳ ಕಿರೀಟವಾಯಿತು. ಒಂದು ಕೈಯಲ್ಲಿ ಪಂಪಿನ ಹಿಡಿ, ಇನ್ನೊಂದು ಕೈಯಲ್ಲಿ ಬಿಚ್ಚಿದ ಛತ್ರಿ. (ಇಪ್ಪತ್ತು ಟನ್ನಿಗೆ ಛತ್ರಿ ಏನು ಮಾಡೀತು ಎಂದು ಕೇಳಬಾರದು. ಹೆದರಿದವರಿಗೆ ಏನಾದರೂ ಹಿಡಿದುಕೊಳ್ಳಲು ಬೇಕು.)

ಒಂದು ದಿನ ಗೆಳತಿ ಅರುಂಧತಿ ಸಾರಿನ ಡಬ್ಬಿ ಹಿಡಿದು ಬಂದವಳು ಈ ಅವತಾರ ಕಂಡು ಬಾಗಿಲಲ್ಲೇ ನಿಂತಳು. ದುಃಖ ತಲೆಗೇರಿದೆ ಎಂದು ಊರೆಲ್ಲ ಹೇಳಿದಳು. ಆ ವಾರ ಮನೆಗೆ ಹದಿನಾಲ್ಕು ಡಬ್ಬಿ ಸಾರು ಬಂತು.

ಏಪ್ರಿಲ್‌ನಲ್ಲಿ ಎರಡು ಪಂಪು ಸಾಲದಾಯಿತು. ಐದಾಯಿತು, ಹತ್ತಾಯಿತು. ಒಂದು ಬೆಳಿಗ್ಗೆ ಇಪ್ಪತ್ತು ಹೊಡೆದರೂ ಮುಳ್ಳು ಕುಂಕುಮ ಮುಟ್ಟಲಿಲ್ಲ. ಬಸಲಿಂಗವ್ವ ಅಡುಗೆಮನೆಗೆ ಓಡಿ ಅರುಂಧತಿಗೆ ಫೋನ್ ಮಾಡಿದಳು. ಆನೆ ಎದ್ದಾವ ಎಂದಷ್ಟೇ ಹೇಳಲು ಬಂತು.

ಅರುಂಧತಿಯ ಗಂಡ ಶ್ರೀಕಾಂತ್ ಮೈಸೂರಿನವನು, ಎಂಜಿನಿಯರು. ತಮ್ಮೂರು ರಿಚ್ಮಂಡ್ ಹಿಲ್‌ನಿಂದ ಇಬ್ಬರೂ ಬಂದರು. ಅವನು ಬಗ್ಗಿ ನೋಡಿದ. ಈ ಸ್ಕ್ರೂ ತಿರುಗಿಸಿದರೆ ಆಯಿತು, ಒತ್ತಡ ಇಳಿಯುತ್ತದೆ ಎಂದ. ಬಸಲಿಂಗವ್ವ ಸ್ಕ್ರೂವಿಗೆ ಅಡ್ಡ ನಿಂತಳು.

"ಅವರು ಬಂದು ಬಿಚ್ಚತೀನಿ ಅಂದಾರ."

ನಿಧಿ ಮೆಲ್ಲಗೆ ತಾಯಿಯ ತೋಳು ಹಿಡಿದಳು. "ಅವ್ವಾ, ಹೀ ಮೇಡ್ ಇಟ್ ಫಾರ್ ಮಿ. ನಾ ನೋಡ್ಬೇಕು."

ಬಸಲಿಂಗವ್ವ ಸರಿದಳು. ಸರಿದವಳು ಶ್ರೀಕಾಂತನೊಬ್ಬನನ್ನು ಬಿಟ್ಟು ಉಳಿದವರನ್ನು ಮನೆ ಮುಂದಿನ ಡ್ರೈವ್‌ವೇಯಲ್ಲಿದ್ದ ಕಾರಿನ ಹಿಂದೆ ಕೂರಿಸಿ, ಅವರ ಮುಂದೆ ಛತ್ರಿ ಬಿಚ್ಚಿ ಹಿಡಿದು, ಕಣ್ಣು ಮುಚ್ಚಿದಳು. ಶ್ರೀಕಾಂತ್ ಸ್ಕ್ರೂ ತಿರುಗಿಸಿದ.

ಸುಯ್ ಎಂದಿತು. ಹಾಲು ಉಕ್ಕಿದಷ್ಟೂ ಸದ್ದಿಲ್ಲ.

"ಅಂಟು ಮರುದಿನಾನೇ ಒಣಗಿತ್ತು, ಅಮ್ಮ," ಎಂದ ಶ್ರೀಕಾಂತ್. "ಎಣ್ಣೆ ಎಲ್ಲಾ ಸೋರಿಹೋಗಿದೆ. ಇನ್ನೊಂದು ವಾರ ಬಿಟ್ಟಿದ್ರೆ ತಾನಾಗೇ ಬಿಚ್ಕೊಳ್ತಿತ್ತು."

ಹಲಗೆ ಹೊರಬಂತು. ಎರಡೂ ತುದಿ ದೋಣಿಯ ಹಾಗೆ ಮೇಲೆದ್ದ, ನುಣುಪಾದ, ಗಟ್ಟಿ ಹಲಗೆ. ನಿಧಿ ಅದನ್ನು ಎದೆಗೆ ಹಿಡಿದು ಅತ್ತಳು. ಆಮೇಲೆ ತಿರುಗಿಸಿ ನೋಡಿದಳು. ಅಳು ನಿಂತಿತು.

ಹಲಗೆಯ ಹೊಟ್ಟೆಯಲ್ಲಿ, ಮರದೊಳಗೆ ಅರ್ಧ ಹೂತು, ಟಪಾಲು ಡಬ್ಬಿಯ ಚಾವಿ ಮಲಗಿತ್ತು.

ಮುರಿಗೆಪ್ಪ ಸರ್ ಬೇಕೆಂದೇ ಚಾವಿಯಿಟ್ಟು ಎಷ್ಟು ಚೆನ್ನಾಗಿ ತಮ್ಮ ಗುರುತು ಹಾಕಿದ್ದಾರೆ ನೋಡಿ ಎಂದು ಶ್ರೀಕಾಂತ್ ಮೆಚ್ಚಿದ. ನಿಧಿ ತಾಯಿಯ ಮುಖ ನೋಡಿದಳು. ಬಸಲಿಂಗವ್ವ ಛತ್ರಿ ಮಡಚಿದಳು. ಇಟ್ಟಾಕಿ ತಾನು, ತಗದಾಕಿ ತಾನು. ಆರು ತಿಂಗಳು ನಾಲ್ಕು ಆನೆ ನಿಲ್ಲಿಸಿ, ಸ್ವೆಟರ್ ಹೊದಿಸಿ, ದಿನಾ ಪಂಪ್ ಹೊಡೆದು ಜೋಪಾನ ಮಾಡಿದ್ದು ತನ್ನದೇ ತಪ್ಪನ್ನು.

"ಅವರು ಮುಟ್ಟಿದ್ದಿಲ್ಲ," ಎಂದಳು. ಅರುಂಧತಿಗೆ ಏನೂ ತಿಳಿಯಲಿಲ್ಲ. ಮರುದಿನ ಮತ್ತೆ ಸಾರು ಕಳಿಸಿದಳು.

ಚಾವಿಯನ್ನು ಕೀಳಲು ಬಸಲಿಂಗವ್ವ ಬಿಡಲಿಲ್ಲ. ನಿಧಿ ಆ ಹಲಗೆಗೇ ಚಕ್ರ ಕಟ್ಟಿ ಕಾಲೇಜಿಗೆ ಹೋಗುತ್ತಾಳೆ. ಅದು ಇನ್ನೂ ಮುರಿದಿಲ್ಲ. ಮಿಕ್ಸರ್ ಮತ್ತೆ ತಿರುಗುತ್ತದೆ.

ಮಗಳು ಹೊರಟ ಮೇಲೆ ಬಸಲಿಂಗವ್ವ ಈಗಲೂ ದಿನಾ ಬೆಳಿಗ್ಗೆ ಗ್ಯಾರೇಜಿಗೆ ಇಳಿಯುತ್ತಾಳೆ. ಯಂತ್ರದೊಳಗೆ ಹಲಗೆಯಿಲ್ಲ, ಜಾಕಿನಲ್ಲಿ ಎಣ್ಣೆಯಿಲ್ಲ, ಮುಳ್ಳು ಏಳುವುದಿಲ್ಲ. ಗಾಜಿನ ಮೇಲಿನ ಕುಂಕುಮ ಹಾಗೇ ಇದೆ. ಎರಡು ಪಂಪ್ ಹೊಡೆಯುತ್ತಾಳೆ. ಮೊದಲನೆಯದು ಗಂಡ ಹೇಳಿದ್ದಕ್ಕೆ, ಎರಡನೆಯದು ಆ ಬೆಳಿಗ್ಗೆ ಬಾಗಿಲಲ್ಲಿ ತಾನು ಅಂದದ್ದಕ್ಕೆ. ಹೆಲ್ಮೆಟ್ ಹಾಕಿಕೊಂಡೇ.