ಮೇಷ್ಟ್ರ ಹಾಡು, ಮೊರದ ರಾಗಿ

ಹುಟ್ಟಿಸಿದರೆ ಒಂದು ಸಂಪ್ರದಾಯವನ್ನೇ ಹುಟ್ಟಿಸಬೇಕು! ಶ್ರೀನಿವಾಸಪುರದ ಚನ್ನರಾಯಪ್ಪ ಮೇಷ್ಟ್ರು ಸಾವಿರದ ಒಂಬೈನೂರ ಮೂವತ್ತೇಳರ ಡಿಸೆಂಬರಿನಲ್ಲಿ ಹೀಗೆಂದು ಪಣ ತೊಟ್ಟರು. ಅದುವರೆಗೆ ಕ್ರಿಸ್‌ಮಸ್ ಹಾಡು ಚರ್ಚಿಗೆ ಸೇರಿದ ಎಂಟು ಮನೆಗಳ ಅಂಗಳ ದಾಟಿರಲಿಲ್ಲ. ಈ ಸಲ ಇಡೀ ಪೇಟೆ ಬೀದಿಯಲ್ಲಿ, ಮನೆಮನೆ ಮುಂದೆ, ಸಾಕ್ಷಾತ್ ಮೇಷ್ಟ್ರ ಕಂಠದಲ್ಲಿ!

"ನೋಡ್ತಿರು ಕಣೇ, ಮೊಮ್ಮಕ್ಕಳ ಕಾಲಕ್ಕೂ ಇದು ನಿಲ್ಲಲ್ಲ. ಚನ್ನರಾಯಪ್ಪ ಹಾಕಿಕೊಟ್ಟ ಪದ್ಧತಿ ಅಂತಾರೆ!"

ಹೆಂಡತಿ ಭಾರತಮ್ಮ ಅವರೆಕಾಯಿ ಸುಲಿಯುತ್ತಾ, ತಲೆಯೆತ್ತದೆ ಕೇಳಿದರು. "ಚೀಲ ತಗೊಂಡು ಹೋಗ್ತೀರಾ?"

"ಚೀಲ ಯಾಕೆ?"

"ಧನುರ್ಮಾಸ ರೀ. ಬೆಳಗ್ಗೆ ಬಾಗಿಲಲ್ಲಿ ನಿಂತು ಹಾಡಿದೋರನ್ನ ಬರಿಗೈಲಿ ಕಳಿಸ್ತಾರಾ ಈ ಊರಲ್ಲಿ?"

"ನಾವೇನು ದಾಸಯ್ಯಗಳೇನೇ? ಸಂತೋಷ ಕೊಡೋಕೆ ಹೋಗ್ತಿರೋದು, ಈಸ್ಕೊಳ್ಳೋಕಲ್ಲ!"

ಇಪ್ಪತ್ನಾಲ್ಕರ ಬೆಳಗ್ಗೆ ದಂಡಯಾತ್ರೆ ಹೊರಟಿತು. ಮುಂದೆ ಕೋಟು, ಜರಿ ಪೇಟದ ಮೇಷ್ಟ್ರು. ಪಕ್ಕದಲ್ಲಿ ಹಾರ್ಮೋನಿಯಂ ಕೊರಳಿಗೆ ಕಟ್ಟಿಕೊಂಡ ಚರ್ಚಿನ ಪೆದ್ದಪ್ಪ. ಹಿಂದೆ ಆರು ಜನ ಹಾಡುಗಾರರು. ಮೊದಲನೆಯದು ಮುತ್ಯಾಲಮ್ಮನ ಮನೆ. ಮೇಷ್ಟ್ರ ದನಿ ಏರುತ್ತಿದ್ದಂತೆ ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು. ಮುತ್ಯಾಲಮ್ಮ ಓಡಿ ಬಂದರು, ಮೊರದ ತುಂಬ ರಾಗಿ ಹಿಡಿದು!

"ಬೇಡಮ್ಮಾ, ನಾವೇನೂ ತಗೊಳ್ಳಲ್ಲ."

ಆಕೆಯ ಮುಖ ಬಾಡಿತು. "ಏಮಪ್ಪಾ, ನಮ್ಮನೆ ರಾಗಿ ನಿಮಗಾಗಲ್ವಾ? ಹೊಸ್ತಿಲು ದಾಟಿದ ಮೊರ ಹಂಗೇ ಒಳಕ್ಕೆ ಹೋದ್ರೆ ನನ್ನ ಕಣಜದ ಗತಿ ಏನು?"

ಮೇಷ್ಟ್ರಿಗೆ ನಿಜಕ್ಕೂ ಸಂಕಟವಾಯಿತು. ನಂಟು ಬೆಳೆಸಲು ಹೊರಟವರು ಮೊದಲ ಬಾಗಿಲಲ್ಲೇ ಹೆಣ್ಣುಮಗಳನ್ನು ಅಳಿಸುವುದೇ? ಪೇಟ ಬಿಚ್ಚಿ ಒಡ್ಡಿದರು. "ಇದೊಂದೇ ಮನೆ ಕಣೋ," ಎಂದು ಪೆದ್ದಪ್ಪನಿಗೆ ಗಂಭೀರವಾಗಿ ಹೇಳಿದರು.

ಪಕ್ಕದ ಮನೆಯವರು ಗೋಡೆಯಾಚೆಯಿಂದ ಎಲ್ಲವನ್ನೂ ನೋಡಿದ್ದರು. ಮುತ್ಯಾಲಮ್ಮನದು ಒಂದು ಮೊರವಾದರೆ ಅವರದು ಒಂದೂವರೆ! ನಾಲ್ಕನೇ ಮನೆಗೆ ಪೇಟ ತುಂಬಿತು. ಆರನೇ ಮನೆಗೆ ಕೋಟು ಗಂಟಾಯಿತು. ಬೀದಿಯ ತಿರುವಿನಲ್ಲಿ ಆ ಗಂಟು ಸಡಿಲಿ ರಾಗಿ ಸೋರತೊಡಗಿದಾಗ ಊರಿನ ಕೋಳಿಗಳೆಲ್ಲ ಗಾಯನವೃಂದಕ್ಕೆ ಸೇರಿಕೊಂಡವು. ಮೇಷ್ಟ್ರು ಮಾತ್ರ ಒಂದು ಚರಣವನ್ನೂ ಬಿಡಲಿಲ್ಲ.

ಪೇಟವಿಲ್ಲದೆ, ಕೋಟಿಲ್ಲದೆ, ಬೆನ್ನ ಮೇಲೆ ಮೂಟೆ ಹೊತ್ತು ಬಂದ ಗಂಡನನ್ನು ಭಾರತಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು.

"ವಾಪಸ್ ಕೊಟ್ಟು ಬರ್ಲೇನೇ?"

"ಕೊಟ್ಟು ನೋಡಿ! ನಾಳೆಯಿಂದ ನಿಮ್ಮನ್ನ ಒಬ್ಬರೂ ಮಾತಾಡಿಸಲ್ಲ. ಕೊಟ್ಟೋರನ್ನೇ ಊಟಕ್ಕೆ ಕರೀರಿ."

ಅಂದು ಹಗಲೆಲ್ಲ ಬೀಸುವ ಕಲ್ಲು ತಿರುಗಿತು. ಮರುದಿನ ಅಂಗಳದಲ್ಲಿ ಹಂಡೆ ಏರಿತು. ಭಾರತಮ್ಮ ಮುದ್ದೆ ತಿರುವುವ ರೀತಿ ಸರಿಕಾಣದೆ ಮುತ್ಯಾಲಮ್ಮ, "ಇಲ್ಲಿ ಕೊಡಮ್ಮಾ ಕೋಲು," ಎಂದು ಸೆರಗು ಬಿಗಿದು ನಿಂತರು. ಚರ್ಚಿನ ಎಂಟು ಮನೆ, ಪೇಟೆ ಬೀದಿಯವರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಅವರೆಕಾಳಿನ ಸಾರಿಗೆ ಮುದ್ದೆ ಮುರಿದರು. ಮೇಷ್ಟ್ರ ಕಣ್ಣು ತುಂಬಿ ಬಂತು. ಗೆದ್ದೆ! ಸಂಪ್ರದಾಯ ಹುಟ್ಟಿಯೇಬಿಟ್ಟಿತು!

ಮುಂದಿನ ವರ್ಷಕ್ಕೆ ಅವರು ಅಕ್ಟೋಬರಿನಿಂದಲೇ ಅಭ್ಯಾಸಕ್ಕೆ ಕೂತರು. ದಿನಕ್ಕೆರಡು ಗಂಟೆ, ಬಾಗಿಲು ತೆರೆದಿಟ್ಟು, ಐದು ಹೊಸ ಹಾಡು!

ಡಿಸೆಂಬರ್ ಇಪ್ಪತ್ತಮೂರರ ಬೆಳಗ್ಗೆ ಬಾಗಿಲಲ್ಲಿ ಸದ್ದಾಯಿತು. ನೋಡಿದರೆ ಮುತ್ಯಾಲಮ್ಮ, ಹಿಂದೆ ಬೀದಿಯ ಹೆಂಗಸರೆಲ್ಲ. ತಲೆತಲೆಯ ಮೇಲೂ ಒಂದೊಂದು ಮಂಕರಿ ರಾಗಿ.

"ಎಲ್ಲ ಮನೇದೂ ತಂದಿದ್ದೀವಿ ಮೇಷ್ಟ್ರೇ. ಊಟ ಮಾತ್ರ ತಪ್ಪಿಸ್ಬೇಡಿ."

"ಅಯ್ಯೋ, ನಾಳೆ ನಾವೇ ನಿಮ್ಮ ಮನೆಬಾಗಿಲಿಗೆ ಹಾಡ್ಕೊಂಡು ಬರ್ತಿದ್ವಲ್ಲಮ್ಮಾ!"

ಮುತ್ಯಾಲಮ್ಮ ಮಂಕರಿ ಇಳಿಸಿ, ಎರಡೂ ಕೈ ಜೋಡಿಸಿದರು.

"ಅದಕ್ಕೇ ಸ್ವಾಮಿ, ಇವತ್ತೇ ತಂದ್ಬಿಟ್ಟಿದ್ದು!"