ಸೀಲಿಗೆ ಕೊಟ್ಟ ನೀರು

ಇದನ್ನು ಬರೆಯಬೇಕೆಂದು ಮೂರು ಚಳಿಗಾಲಗಳಿಂದ ಅಂದುಕೊಳ್ಳುತ್ತಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಪೆನ್ನು ಸಿಗಲಿಲ್ಲ. ಎರಡೂ ಸಿಕ್ಕಿದ ದಿನ ಜಿಪಿ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ತಪ್ಪು ಒಪ್ಪಿಕೊಳ್ಳಬೇಕಾದ ಮುದುಕನಿಗೆ ಲಂಡನ್ನಿನಲ್ಲಿ ಎಲ್ಲಿಲ್ಲದ ಕೆಲಸ.

ಮೂರು ಚಳಿಗಾಲದ ಹಿಂದೆ ಕೊಲಿಂಡೇಲಿನ ಮಗಳ ಫ್ಲಾಟಿನಲ್ಲಿ ನನಗಿದ್ದ ಉದ್ಯೋಗ ಒಂದೇ: ಆರು ವರ್ಷದ ಮೊಮ್ಮಗಳು ಅನಘಾಗೆ ಲೈಬ್ರರಿಯ ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ಓದಿ ಹೇಳುವುದು. ಒಂದು ಪುಸ್ತಕದಲ್ಲಿ ಬಿಳಿ ನರಿಯೊಂದು ಧ್ರುವದ ಹಿಮದಲ್ಲಿ ಬಾಳುವ ಇನುಯಿಟ್ ಜನರ ಮನೆಮನೆಗೆ ಹೋಗುತ್ತದೆ. ಒಂದು ಮನೆಯಲ್ಲಿ ತಮಟೆಯಂಥ ವಾದ್ಯ ಬಾರಿಸುತ್ತಾರೆ, ಇನ್ನೊಂದರಲ್ಲಿ ಅಜ್ಜಿ ತೊಗಲಿನ ಬೂಟು ಹೊಲಿಯುತ್ತಾಳೆ. ಅಲ್ಲಿಯವರೆಗೆ ಸರಿ. ಊಟದ ಪುಟ ಬಂದಾಗ ನನ್ನ ಮೈಸೂರಿನ ಮಡಿ ಎದ್ದು ಕೂತಿತು. ಸೀಲ್ ಎಂಬ ಕಡಲಪ್ರಾಣಿಯ ಮಾಂಸವನ್ನು ಸದ್ದಿಲ್ಲದೆ ಚಿತ್ರಾನ್ನ ಮಾಡಿಬಿಟ್ಟೆ.

“ತಾತಾ, ವೇರ್ ಡು ದೇ ಗೆಟ್ ಲೆಮನ್ಸ್?” ಎಂದಳು ಅನಘಾ.

“ನಮ್ಮ ಹಾಗೇ ವೆಂಬ್ಲಿಯ ಇಂಡಿಯನ್ ಅಂಗಡಿಯಿಂದ ತರಿಸ್ಕೋತಾರೆ ಪುಟ್ಟಿ.”

ಅವಳು ಚಿತ್ರದ ಮೇಲೆ ಬೆರಳಿಟ್ಟಳು. “ನೋ ತಾತಾ, ದಟ್ಸ್ ಅ ಸೀಲ್. ರೀಡ್ ಇಟ್ ಪ್ರಾಪರ್ಲಿ!”

ಸರಿಯಾಗಿ ಓದಿದೆ. ಬೇಟೆಗಾರ ಸತ್ತ ಸೀಲಿನ ಬಾಯಿಗೆ ಸಿಹಿನೀರು ಹನಿಸುತ್ತಾನೆ. ಜೀವಮಾನವೆಲ್ಲ ಉಪ್ಪುನೀರಿನಲ್ಲಿದ್ದ ಪ್ರಾಣಿ, ಬಾಯಾರಿರುತ್ತದೆ. ಮನೆಗೆ ಬಂದ ಮೇಲೆ ಅದು ಅತಿಥಿಯಂತೆ. ಅಲ್ಲಿಗೇ ಪುಸ್ತಕ ಮುಚ್ಚಿದೆ.

ನಮ್ಮಲ್ಲೂ ಬಾಗಿಲಿಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಅಂಚೆಯವನಿಗೂ ಕೊಟ್ಟವನು ನಾನು. ಆದರೆ ಮಾಂಸ ತಿನ್ನುವ ಜಾತಿಯವನನ್ನು ಮದುವೆಯಾದ ನನ್ನ ತಂಗಿ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಬಂದು, ಹೊಸ್ತಿಲಾಚೆ ನಿಂತು, “ಅಣ್ಣಾ, ಒಂದು ಲೋಟ ನೀರಾದ್ರೂ ಕೊಡೋ” ಎಂದಾಗ, ಪೇಪರ್ ಓದುತ್ತಿದ್ದವನು ಪುಟ ತಿರುಗಿಸಿದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಚಿಕ್ಕಂದಿನಲ್ಲಿ ನನ್ನ ಎಲೆಯ ಹಾಗಲಕಾಯಿಯನ್ನೆಲ್ಲ ತಾನು ತಿಂದು, ಅಮ್ಮನ ಬೈಗುಳದಿಂದ ನನ್ನನ್ನು ಉಳಿಸುತ್ತಿದ್ದವಳು ಅವಳು.

ಈಗ ತುಮಕೂರಿನಲ್ಲಿದ್ದಾಳೆ. ಭಾನುವಾರ ಮಗಳು ಅವಳಿಗೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನನಗೆ ಸ್ನಾನದ ನೆನಪಾಗುತ್ತದೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಅವಳ ನಗು ಕೇಳಲೆಂದು ನಲ್ಲಿ ನಿಲ್ಲಿಸಿ ಕೂರುತ್ತೇನೆ. “ಅಣ್ಣ ಹೇಗಿದಾನೆ?” ಎಂದು ಅವಳು ಕೇಳುತ್ತಾಳೆ. “ಸ್ನಾನಕ್ಕೆ ಹೋಗಿದಾರೆ ಅತ್ತೆ” ಎನ್ನುತ್ತಾಳೆ ಮಗಳು. “ಈಗಲೂನಾ?” ಎಂದು ಅವಳು ನಗುತ್ತಾಳೆ. ನನ್ನಷ್ಟು ಶುಚಿಯಾದ ಮುದುಕ ಈ ಊರಿನಲ್ಲಿ ಇನ್ನೊಬ್ಬನಿರಲಾರ.

ಅನಘಾ ಈಗ ತಾನೇ ಓದಿಕೊಳ್ಳುತ್ತಾಳೆ. ನನ್ನನ್ನು ತಿದ್ದುವವರು ಯಾರೂ ಇಲ್ಲ. ನೋಡಿ, ಇಷ್ಟು ಬರೆದರೂ ಬರೀ ‘ತಂಗಿ’ ಎಂದೇ ದಾಟಿಸಿದ್ದೇನೆ, ಸೀಲನ್ನು ಚಿತ್ರಾನ್ನವೆಂದು ದಾಟಿಸಿದ ಹಾಗೆ. ಸರಿಯಾಗಿ ಓದುತ್ತೇನೆ: ಸರೋಜ.